ಏರ್ ಫ್ರೈಯರ್‌ಗೆ ಯಾವ ಪಾತ್ರೆ?

ಏರ್ ಫ್ರೈಯರ್ ಕೊಂಡವರು ಮೊದಲು ಕೇಳುವುದೇ ಇದಕ್ಕೆ ಬೇರೆ ಪಾತ್ರೆ ಬೇಕಾ ಅಂತ. ಬೇಡ. ಮನೆಯ ಸ್ಟೀಲ್ ತಟ್ಟೆ ಸಾಕು, ಸುತ್ತ ಗಾಳಿ ಓಡಾಡಲು ಜಾಗ ಬಿಟ್ಟರಾಯಿತು. ಬೋರೊಸಿಲಿಕೇಟ್ ಗಾಜು 200 ಡಿಗ್ರಿ ತಡೆಯುತ್ತದೆ, ಆದರೆ ಫ್ರಿಜ್ಜಿನಿಂದ ತೆಗೆದು ನೇರ ಒಳಗಿಟ್ಟರೆ ಸೀಳಬಹುದು. ಮೆಲಮೈನ್ ತಟ್ಟೆ ನೋಡಲು ಪಿಂಗಾಣಿ, ಅಸಲಿಗೆ ಪ್ಲಾಸ್ಟಿಕ್. ಅದನ್ನು ಇಡಲೇಬೇಡಿ.

ನನಗೆ ಹೆಚ್ಚು ಚಿಂತೆ ಅಲ್ಯೂಮಿನಿಯಂ ಫಾಯಿಲ್ ಬಗ್ಗೆ. ಹುಣಸೆ, ನಿಂಬೆ, ಟೊಮೆಟೊ ಇಲ್ಲದ ಮಸಾಲೆ ನಮ್ಮಲ್ಲಿ ಅಪರೂಪ. ಹುಳಿಯೂ ಉಪ್ಪೂ ಬಿಸಿಯೂ ಸೇರಿದರೆ ಆ ಲೋಹ ಸ್ವಲ್ಪ ಸ್ವಲ್ಪವಾಗಿ ಊಟಕ್ಕೆ ಇಳಿಯುತ್ತದೆ. ಮಸಾಲೆ ಹಚ್ಚಿದ ಬಂಗುಡೆಗೆ ಬಾಡಿಸಿದ ಬಾಳೆಎಲೆ ಸುತ್ತಿ, ಘಮ ಬೇರೆ ಸಿಗುತ್ತದೆ. ಬೇಕಿಂಗ್ ಪೇಪರ್ ಕೂಡ ಆದೀತು, ಆದರೆ ಮೇಲೆ ತಿಂಡಿಯ ಭಾರ ಇರಬೇಕು. ಖಾಲಿ ಕಾಗದ ಹಾರಿ ಮೇಲಿನ ಕಾಯಿಲ್‌ಗೆ ತಾಗಿದರೆ ಹೊತ್ತಿಕೊಳ್ಳುತ್ತದೆ.

ಇನ್ನು ತಿಂಡಿಯ ವಿಷಯ. ಬಜ್ಜಿಯ ಆಸೆ ಬಿಡಿ, ನೀರಾದ ಹಿಟ್ಟು ಗಟ್ಟಿಯಾಗುವ ಮೊದಲೇ ಜಾಲರಿಯಿಂದ ಸೋರುತ್ತದೆ. ಗಟ್ಟಿಯಾಗಿ ತಟ್ಟಿದ ಆಂಬೊಡೆ, ಬೇಯಿಸಿ ಹೆಚ್ಚಿದ ಪತ್ರೊಡೆ ಚೆನ್ನಾಗಿ ಬರುತ್ತವೆ, ಮೇಲೆ ಚೂರು ಎಣ್ಣೆ ಸವರಿದರೆ ಸಾಕು.

ಆಲೂಗಡ್ಡೆಗೆ ಮಾತ್ರ ಎಚ್ಚರ. ಪಿಷ್ಟದ ಪದಾರ್ಥ 120 ಡಿಗ್ರಿ ದಾಟಿ ಕಂದಾದಷ್ಟೂ ಅಕ್ರಿಲಮೈಡ್ ಎಂಬ ಹಾನಿಕರ ರಾಸಾಯನಿಕ ಹೆಚ್ಚುತ್ತದೆ, ಎಣ್ಣೆ ಕಡಿಮೆಯಾದ ಮಾತ್ರಕ್ಕೆ ಅದು ತಪ್ಪುವುದಿಲ್ಲ. ಹೋಳುಗಳನ್ನು ಅರ್ಧ ಗಂಟೆ ನೀರಲ್ಲಿ ನೆನೆಸಿ, ಒರೆಸಿ ಹಾಕಿ. ಹೊಂಬಣ್ಣಕ್ಕೆ ಬಂದ ಕೂಡಲೇ ತೆಗೆದುಬಿಡಿ, ಮಕ್ಕಳು ಇನ್ನೂ ಗರಿಗರಿ ಬೇಕೆಂದರೂ.