ಓಹ್ರಿದ್ ಸರೋವರದ ತೀರದಲ್ಲಿ

ಉತ್ತರ ಮ್ಯಾಸಿಡೋನಿಯ ಹಾಗೂ ಅಲ್ಬೇನಿಯ ದೇಶಗಳ ಗಡಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 690 ಮೀಟರ್ ಎತ್ತರದಲ್ಲಿ ಓಹ್ರಿದ್ ಸರೋವರವಿದೆ. ಸಾಮಾನ್ಯವಾಗಿ ಸರೋವರಗಳು ಸಾವಿರಾರು ವರ್ಷಗಳಲ್ಲಿ ಹೂಳು ತುಂಬಿ ಅಳಿಯುತ್ತವೆ. ಇದಾದರೋ 13 ಲಕ್ಷ ವರ್ಷಗಳಿಗೂ ಮಿಗಿಲಾಗಿ ಉಳಿದುಬಂದಿದೆ. ಆಳವು ಸುಮಾರು 288 ಮೀಟರ್. ಹೀಗೆ ದೀರ್ಘಕಾಲ ಪ್ರತ್ಯೇಕವಾಗಿದ್ದುದರಿಂದ ಜಗತ್ತಿನ ಬೇರೆಲ್ಲಿಯೂ ಇಲ್ಲದ 200ಕ್ಕೂ ಹೆಚ್ಚು ಜೀವಜಾತಿಗಳು ಇಲ್ಲಿ ನೆಲೆಸಿವೆ. ಬಗೆಬಗೆಯ ಬಸವನಹುಳುಗಳು, ಚೆಂಡಿನಂತೆ ದುಂಡಗಿರುವ ಸ್ಪಂಜು, ಓಹ್ರಿದ್ ಟ್ರೌಟ್ ಎಂಬ ಮೀನು ಇವುಗಳಲ್ಲಿ ಕೆಲವು.

ದಕ್ಷಿಣ ದಡದಲ್ಲಿ ಸಂತ ನೌಮರ ಮಠವಿದೆ. ಸ್ಲಾವ್ ಜನರಿಗೆ ಅವರದೇ ನುಡಿಯಲ್ಲಿ ವಿದ್ಯೆ ಕಲಿಸಿದವರಲ್ಲಿ ನೌಮರೂ ಒಬ್ಬರು. ಮಠದ ಅನ್ನವುಂಡು ಅಕ್ಷರ ಕಲಿತ ನಮಗೆ ಆ ಅಂಗಳ ಪರಕೀಯವೆನಿಸಲಿಲ್ಲ. ಅದರ ಪಕ್ಕದಲ್ಲಿಯೇ ತಿಳಿನೀರಿನ ಬುಗ್ಗೆಗಳು ಉಕ್ಕುತ್ತವೆ. ಸುಮಾರು 150 ಮೀಟರ್ ಮೇಲಿರುವ ಪ್ರೆಸ್ಪಾ ಸರೋವರದ ನೀರು ಗಲಿಚಿತ್ಸಾ ಪರ್ವತದ ಸುಣ್ಣಕಲ್ಲಿನ ಬಿರುಕುಗಳಲ್ಲಿ ಹಾದು, ಮಳೆ ಹಿಮಗಳ ನೀರಿನೊಡನೆ ಬೆರೆತು, ಇಲ್ಲಿ ಹೊರಬರುತ್ತದೆ.

ಪೂರ್ವದ ದಡದಲ್ಲಿರುವುದು 'ಎಲುಬುಗಳ ಕೊಲ್ಲಿ'. ನೀರಿನಡಿಯಲ್ಲಿ ಪ್ರಾಣಿಗಳ ಎಲುಬುಗಳು ದೊರೆತುದರಿಂದ ಈ ಹೆಸರು. ಇತಿಹಾಸಪೂರ್ವ ಕಾಲದ ಜನರು ಇಲ್ಲಿ ಮರದ ಕಂಬಗಳನ್ನು ನೆಟ್ಟು, ಅಟ್ಟ ಹಾಸಿ, ಅದರ ಮೇಲೆ ಮನೆಗಳನ್ನು ಕಟ್ಟಿದ್ದರು. ಆ ಮಾದರಿಯಲ್ಲಿ ಮರುನಿರ್ಮಿಸಿದ ಹಳ್ಳಿಯನ್ನು ಇಂದು ಯಾತ್ರಿಕರು ನೋಡಬಹುದು. ಮೂಲ ಕಂಬಗಳ ಬುಡಗಳು ಮಾತ್ರ ನೀರಿನಲ್ಲಿಯೇ ಇವೆ. ಗಾಳಿ ಸೋಕದ ಕೆಸರಿನಲ್ಲಿ ಮರ ಬೇಗನೆ ಕೊಳೆಯದು. ಎದುರು ದಡದ ಅಲ್ಬೇನಿಯದ ಲಿನ್ ಗ್ರಾಮದಲ್ಲಿ ದೊರೆತ ಇಂತಹ ವಸತಿಯು ಕ್ರಿ.ಪೂ. 6000ದಿಂದ 5800ರ ಕಾಲದ್ದೆಂದು ವಿದ್ವಾಂಸರು 2023ರಲ್ಲಿ ಪ್ರಕಟಿಸಿದರು. ಯುರೋಪಿನಲ್ಲಿ ಇದಕ್ಕಿಂತ ಹಳೆಯ ಸರೋವರ ವಸತಿ ಅದುವರೆಗೆ ತಿಳಿದಿರಲಿಲ್ಲ.

ಯುನೆಸ್ಕೊ ಸಂಸ್ಥೆಯು 1979ರಲ್ಲಿ ಈ ಸರೋವರವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಬೇನಿಯದ ಭಾಗವೂ 2019ರಲ್ಲಿ ಸೇರಿತು. ಆದರೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ರಕ್ಷಣೆಯಾದೀತೆ? ಈ ಸರೋವರದ ನೀರು ಒಮ್ಮೆ ಪೂರ್ತಿ ಬದಲಾಗಲು ಸುಮಾರು 70 ವರ್ಷ ಬೇಕು. ಇಂದು ದಡದ ಮನೆ, ಹೋಟೆಲುಗಳಿಂದ ಹರಿದುಬಂದ ಕೊಳೆ ಮೊಮ್ಮಕ್ಕಳ ಕಾಲಕ್ಕೂ ಅಲ್ಲಿಯೇ ಉಳಿದೀತು. ಮಿತಿಮೀರಿದ ಬೇಟೆಯಿಂದ ಟ್ರೌಟ್ ಮೀನೂ ಕ್ಷೀಣಿಸಿದೆ.

ಹಾವುಮೀನಿನ ಪಾಡು ಇನ್ನೂ ಕರುಣಾಜನಕ. ಹಿಂದೆ ಅದು ಸ್ಟ್ರೂಗಾ ಪಟ್ಟಣದ ಬಳಿ ಕಪ್ಪು ಡ್ರಿನ್ ನದಿಗಿಳಿದು, ಕಡಲು ಸೇರಿ, ಅಟ್ಲಾಂಟಿಕಿನಲ್ಲಿ ಮೊಟ್ಟೆಯಿಡುತ್ತಿತ್ತು; ಮರಿಗಳು ಸಾವಿರಾರು ಮೈಲಿ ಈಜಿ ಇಲ್ಲಿಗೆ ಬರುತ್ತಿದ್ದವು. 1960ರ ದಶಕದಿಂದ ನದಿಗೆ ಅಣೆಕಟ್ಟುಗಳು ಬಂದವು. ಹೊರಗಿನಿಂದ ಮರಿಗಳನ್ನು ತಂದು ಬಿಡುವ ಏರ್ಪಾಟು ನಡೆದಿದೆ. ಅವು ಬೆಳೆದು ಕಡಲಿಗೆ ಹೊರಟರೂ ಆ ಅಣೆಕಟ್ಟುಗಳು ಅಡ್ಡವಾಗಿಯೇ ನಿಂತಿವೆ.