ಸೊರ್ಬಾರಾದ ವೈನ್ ಮತ್ತು ನಿನ್ನ ದೂರು

ಪ್ರೀತಿಯ ತಮ್ಮಾ,

ನಿನ್ನ ಪತ್ರ ಓದಿ ಮೊದಲು ನಗು ಬಂತು, ಆಮೇಲೆ ಸ್ವಲ್ಪ ಬೇಜಾರೂ ಆಯಿತು. ಸ್ಟುಟ್‌ಗಾರ್ಟ್‌ನ ಅಂಗಡಿಯಿಂದ ಅಗ್ಗದ ಲಂಬ್ರುಸ್ಕೊ ಬಾಟಲಿ ತಂದು, ಎರಡು ಗುಟುಕು ಕುಡಿದು, "ಅಕ್ಕಾ, ನಿಮ್ಮೂರಿನ ವೈನ್ ಬರೀ ಸಕ್ಕರೆ" ಅಂತ ಬರೆದುಬಿಟ್ಟೆಯಲ್ಲೋ! ಕಾಫಿಗೆ ಚಿಕೋರಿ ಒಂಚೂರು ಹೆಚ್ಚಾದರೆ ಲೋಟ ತಳ್ಳುವವನು ನೀನು. ವೈನಿಗೆ ಮಾತ್ರ ಇಷ್ಟು ಅವಸರದ ತೀರ್ಪೇ?

ನಿನ್ನನ್ನು ಬೈಯುವುದಿಲ್ಲ ಬಿಡು. 1970 ಮತ್ತು 80ರ ದಶಕಗಳಲ್ಲಿ ಇಟಲಿಯ ಈ ಸೀಮೆಯಿಂದ ಅಮೆರಿಕಕ್ಕೆ ಹಡಗುಗಟ್ಟಲೆ ಹೋದದ್ದು ಸಿಹಿ ಲಂಬ್ರುಸ್ಕೊವೇ. ರೆಜ್ಜೊ ಎಮಿಲಿಯಾದ ರಿಯುನಿತೆ ಸಹಕಾರಿ ಸಂಘದ ಬಾಟಲಿ ಅಲ್ಲಿ ಮನೆಮಾತಾಗಿತ್ತು. ಅದರಿಂದ ರೈತರ ಕೈಯಲ್ಲಿ ನಾಲ್ಕು ಕಾಸು ಓಡಾಡಿತು, ನಾನದನ್ನು ಹಗುರ ಮಾಡಲಾರೆ. ಆದರೆ ಹೊರಗಿನವರು ಲಂಬ್ರುಸ್ಕೊ ಅಂದರೆ ಇಷ್ಟೇ ಅಂದುಕೊಂಡರು. ಇಲ್ಲಿ ಊಟದ ಜೊತೆ ಹೆಚ್ಚಾಗಿ ಕುಡಿಯುವುದು ಸಿಹಿಯಿಲ್ಲದ್ದನ್ನು.

ನನಗೆ ಎಲ್ಲಕ್ಕಿಂತ ಇಷ್ಟ ಸೊರ್ಬಾರಾದ್ದು. ಮೊದೆನಾದಿಂದ ಉತ್ತರಕ್ಕೆ ಸೆಕ್ಕಿಯಾ, ಪನಾರೊ ಎಂಬ ಎರಡು ನದಿಗಳ ನಡುವೆ ಮರಳು ಬೆರೆತ ಬಯಲಿದೆ, ಅದರ ಊರು ಅಲ್ಲಿ. ಈ ಬಳ್ಳಿಯ ಕಥೆ ಕೇಳಿದರೆ ನಿನಗೂ ಅಕ್ಕರೆ ಹುಟ್ಟುತ್ತದೆ. ಹೂವೇನೋ ಬಿಡುತ್ತದೆ, ಆದರೆ ಅದರ ಪರಾಗದಿಂದ ಕಾಯಿ ಕಚ್ಚುವುದಿಲ್ಲ. ಅದಕ್ಕೇ ರೈತರು ಸೊರ್ಬಾರಾ ಸಾಲುಗಳ ನಡುವೆ ಸಲಾಮಿನೊ ಎಂಬ ಇನ್ನೊಂದು ಲಂಬ್ರುಸ್ಕೊ ತಳಿ ನೆಡುತ್ತಾರೆ. ಅಷ್ಟು ಮಾಡಿದರೂ ಗೊಂಚಲು ತುಂಬುವುದಿಲ್ಲ. ಅಲ್ಲೊಂದು ದುಂಡನೆಯ ಹಣ್ಣು, ಪಕ್ಕದಲ್ಲೇ ಬೆಳೆಯದೆ ಉಳಿದ ಪುಟಾಣಿ ಕಾಯಿ, ನಡುವೆ ಖಾಲಿ. ಹೂ ಬಿಡುವ ಹೊತ್ತಿಗೆ ಮಳೆ ಹಿಡಿದರಂತೂ ರೈತರಿಗೆ ನಿದ್ದೆಯಿಲ್ಲ. ನದಿಯ ಭಯ ಬೇರೆ. 2014ರ ಜನವರಿಯಲ್ಲಿ ಸೆಕ್ಕಿಯಾದ ಏರಿ ಒಡೆದು ಬೊಂಪೊರ್ತೊ ಜಲಾವೃತವಾಗಿತ್ತು. ಸೊರ್ಬಾರಾ ಸೇರಿರುವುದು ಅದೇ ಪಂಚಾಯಿತಿಗೆ. ಅದಕ್ಕೂ ಮುಂಚೆ, 2012ರ ಮೇ ತಿಂಗಳಲ್ಲಿ ಈ ಸೀಮೆಯಲ್ಲೆಲ್ಲ ಭೂಕಂಪ. ಇಷ್ಟಾದರೂ ಕೊಡುವ ಇಳುವರಿ ಇಷ್ಟೇ ಇಷ್ಟು ಎಂದು ಈ ಬಳ್ಳಿಯನ್ನು ಕಿತ್ತು ಹಾಕಲಿಲ್ಲವಲ್ಲ, ಅದು ನನಗೆ ದೊಡ್ಡದಾಗಿ ಕಾಣುತ್ತದೆ.

ಲೋಟಕ್ಕೆ ಬಗ್ಗಿಸುವಾಗ ನೋಡಬೇಕು ನೀನು. ತೆಳು ಗುಲಾಬಿ ನೊರೆ ಭರ್ರನೆ ಏರಿ, ಕ್ಷಣದಲ್ಲಿ ಇಳಿದುಹೋಗುತ್ತದೆ. ಕೆಳಗೆ ಉಳಿಯುವುದು ಆಚೆ ಬದಿಯ ಬೆರಳು ಕಾಣುವಷ್ಟು ತಿಳಿಗೆಂಪು. ಬಾಯಿಗಿಟ್ಟರೆ ಚುರುಕಾದ ಹುಳಿ. ಈಗ ಈ ಗುಳ್ಳೆಗಳನ್ನು ಹೆಚ್ಚಾಗಿ ಒತ್ತಡ ತಡೆಯುವ ಸ್ಟೀಲ್ ತೊಟ್ಟಿಗಳಲ್ಲಿ ಹುಟ್ಟಿಸುತ್ತಾರೆ. ಹಳೇ ಪದ್ಧತಿಯಲ್ಲಿ ಬಾಟಲಿಯೊಳಗೇ ಮತ್ತೆ ಹುದುಗು ಬರಿಸುತ್ತಿದ್ದರು, ತಳದಲ್ಲಿ ಮಡ್ಡಿ ಹಾಗೇ ಇರುತ್ತಿತ್ತು. ಕೆಲವರು ಅದಕ್ಕೇ ಮರಳಿದ್ದಾರೆ, ನನಗಂತೂ ಆ ಮಬ್ಬು ವೈನೇ ಹೆಚ್ಚು ರುಚಿ.

ಒಬ್ಬನೇ ಅಡುಗೆಮನೆಯಲ್ಲಿ ನಿಂತು ಬ್ರೆಡ್ ತಿಂದು ಮಲಗುತ್ತೀಯಂತೆ, ಚಿಕ್ಕಮ್ಮ ಫೋನಿನಲ್ಲಿ ಹೇಳಿದರು. ಹಾಗೆ ಮಾಡಬೇಡ ಮಾರಾಯಾ, ಸೊರಗಿಹೋಗ್ತೀ. ಇದು ಊಟವಿಲ್ಲದೆ ಕುಡಿಯುವ ವೈನೂ ಅಲ್ಲ. ಇಲ್ಲಿಯ ಅಡುಗೆಯೆಂದರೆ ಬೆಣ್ಣೆ, ಹಂದಿಮಾಂಸ, ಪಾರ್ಮೆಜಾನೊ ಚೀಸು. ಆ ಜಿಡ್ಡಿನ ಮೇಲೆ ಈ ಹುಳಿ ಬಿದ್ದರೆ ನಾಲಿಗೆ ಮತ್ತೆ ಹಗುರಾಗುತ್ತದೆ. ಸ್ವಲ್ಪ ತಣ್ಣಗಿದ್ದರೆ ಸಾಕು, ಐಸ್ ಹಾಕಿಬಿಡಬೇಡ.

ಅಕ್ಟೋಬರ್ ಕೊನೆಗೆ ಬಾ. ದಕ್ಷಿಣದ ಕಾಸ್ತೆಲ್ವೆತ್ರೊ ಗುಡ್ಡಗಳಲ್ಲಿ ಗ್ರಾಸ್ಪರೊಸ್ಸಾ ತಳಿಯ ಎಲೆಗಳು ಆಗ ಕೆಂಪೇರಿರುತ್ತವೆ. ಅದರ ವೈನು ಕಡುಕಪ್ಪು, ನೇರಳೆ ಹಣ್ಣು ತಿಂದ ಹಾಗೆ ಒಗರು. ನಿನಗೆ ಬಹುಶಃ ಅದೇ ಹಿಡಿಸೀತು. ಎರಡನ್ನೂ ಕುಡಿದಮೇಲೆ ಜಗಳಕ್ಕೆ ನಾನು ತಯಾರು. ಟಿಕೆಟ್ ಬೇಗ ಮಾಡಿಸು, ಮ್ಯೂನಿಕ್ ಕಡೆಯಿಂದ ಬರುವ ರೈಲು ನೋಡು, ಬೊಲೋನ್ಯಾಕ್ಕೆ ನಾನೇ ಬಂದಿರುತ್ತೇನೆ.

ನಿನ್ನ
ಅಕ್ಕ