ಬಾಣಂತನಕ್ಕೆ ಹೊರಟ ಚಿಕ್ಕಮ್ಮನ ಟಿಕೆಟ್

ಬೆಂಗಳೂರು ಮಲಗುವ ಹೊತ್ತಿಗೆ ದೇವನಹಳ್ಳಿಯ ವಿಮಾನ ನಿಲ್ದಾಣ ಎದ್ದು ಕೂರುತ್ತದೆ. ಯುರೋಪು, ಗಲ್ಫ್ ಕಡೆಯ ಎಷ್ಟೋ ವಿಮಾನಗಳು ಹೊರಡುವುದು ನಡುರಾತ್ರಿಯಿಂದ ಬೆಳಗಿನ ಜಾವದೊಳಗೆ. ಹಾಗಾಗಿ ರಾತ್ರಿ ಹನ್ನೊಂದರ ಮೇಲೆ ಎರಡನೇ ಟರ್ಮಿನಲ್ ಮುಂದೆ ನಿಂತರೆ ಅರ್ಧ ಕರ್ನಾಟಕವೇ ಕಾಣುತ್ತೆ. ಮೈಸೂರಿನಿಂದ ಬಂದ ಫ್ಲೈಬಸ್, ಬಿಎಂಟಿಸಿಯ ವಾಯುವಜ್ರ, ಹಾಸನದಿಂದಲೋ ದಾವಣಗೆರೆಯಿಂದಲೋ ಬಂದ ಇನ್ನೋವಾ. ಒಬ್ಬರನ್ನು ಕಳಿಸೋಕೆ ಏಳು ಜನ. ಸೂಟ್‌ಕೇಸಿನಲ್ಲಿ ಸಾರಿನ ಪುಡಿ, ಚಟ್ನಿಪುಡಿ, ಅಂಟಿನುಂಡೆ. "ಇಪ್ಪತ್ಮೂರು ಕೆಜಿ ದಾಟಿಲ್ಲ ತಾನೇ?" ಅನ್ನೋ ಪ್ರಶ್ನೆ ಎಲ್ಲ ಭಾಷೆಗಳಲ್ಲೂ ಕೇಳಿಸುತ್ತೆ.

ಈ ಟರ್ಮಿನಲ್ ಉದ್ಘಾಟನೆಯಾಗಿದ್ದು 2022ರ ನವೆಂಬರ್ 11ರಂದು. ಅಂತರರಾಷ್ಟ್ರೀಯ ವಿಮಾನಗಳು ಇಲ್ಲಿಗೆ ಬಂದಿದ್ದು 2023ರ ಸೆಪ್ಟೆಂಬರ್ 12ರಿಂದ. ಬಿದಿರಿನ ಚಾವಣಿ, ಮೇಲಿಂದ ಇಳಿಬಿದ್ದ ಗಿಡಗಳು, ನೀರಿನ ಸದ್ದು. ನೋಡೋಕೆ ಚೆಂದ. ಆದರೆ ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ಮೊದಲ ಸಲ ಒಬ್ಬರೇ ಹೊರಟ ಅಮ್ಮಂದಿರ ಕಣ್ಣಿಗೆ ಆ ಗಿಡಗಳು ಬೀಳೋದೇ ಇಲ್ಲ. ಅವರ ಕಣ್ಣು ಕೈಯಲ್ಲಿರುವ ಪ್ಲಾಸ್ಟಿಕ್ ಫೋಲ್ಡರ್ ಮೇಲಿರುತ್ತೆ.

ಆ ಫೋಲ್ಡರ್ ಒಳಗಿನ ಟಿಕೆಟ್ ಬುಕ್ ಮಾಡಿದ್ದು ಸಾಮಾನ್ಯವಾಗಿ ನಮ್ಮಂಥವರು. ಐಟಿಯಲ್ಲಿದ್ದೀವಿ, ಕ್ರೆಡಿಟ್ ಕಾರ್ಡ್ ಇದೆ, ಪಾಯಿಂಟ್ಸು, ಲೌಂಜು ಅಂತ ಮಾತಾಡ್ತೀವಿ. ಹಾಗಾಗಿ ಮನೆಯ 'ಟ್ರಾವೆಲ್ ಏಜೆಂಟ್' ಪಟ್ಟ ನಮಗೇ. ನಮ್ಮ ಮನೆಯಲ್ಲಿ ಆ ಪಟ್ಟ ನನ್ನದು. ಹೋದ ಸಲ ಹೊರಟಿದ್ದು ತೀರ್ಥಹಳ್ಳಿಯ ಚಿಕ್ಕಮ್ಮ. ಹೋಗಬೇಕಿದ್ದು ಶಿಕಾಗೋಗೆ, ತಂಗಿಯ ಮನೆಗೆ.

18,000 ರೂಪಾಯಿಯ ವ್ಯತ್ಯಾಸ

ಹುಡುಕಿದಾಗ ಎರಡು ದಾರಿ ಸಿಕ್ಕವು. ಒಂದರಲ್ಲಿ ಬೆಂಗಳೂರಿನಿಂದ ಗಲ್ಫ್‌ವರೆಗೆ ಒಂದು ಅಗ್ಗದ ವಿಮಾನ, ಅಲ್ಲಿಂದ ಶಿಕಾಗೋಗೆ ಬೇರೆ ಕಂಪನಿಯ ವಿಮಾನ. ಇನ್ನೊಂದು ಅಬುಧಾಬಿ ಮೂಲಕ ಒಂದೇ ಟಿಕೆಟ್. ಮೊದಲನೆಯದು 18,000 ರೂಪಾಯಿ ಕಡಿಮೆ. ಚಿಕ್ಕಪ್ಪ ಅಡಿಕೆ ಬೆಳೆಗಾರರು, ಲೆಕ್ಕ ಪಕ್ಕಾ. "ಎರಡೂ ಶಿಕಾಗೋಗೇ ತಾನೇ ಹೋಗೋದು? ಅಗ್ಗದ್ದೇ ಮಾಡೋ ಮಾರಾಯ" ಅಂದರು.

ಎರಡೂ ಶಿಕಾಗೋಗೇ ಹೋಗುತ್ತವೆ, ನಿಜ. ವ್ಯತ್ಯಾಸ ಗೊತ್ತಾಗೋದು ಮೊದಲ ವಿಮಾನ ಎರಡು ಗಂಟೆ ತಡವಾದಾಗ.

ಒಂದೇ ಟಿಕೆಟ್ ಆಗಿದ್ದರೆ, ಮುಂದಿನ ವಿಮಾನ ತಪ್ಪಿದರೂ ನಿಮ್ಮನ್ನು ಶಿಕಾಗೋಗೆ ಮುಟ್ಟಿಸುವ ಹೊಣೆ ಏರ್‌ಲೈನಿನದು. ಬೇರೆ ವಿಮಾನದಲ್ಲಿ ಸೀಟು ಅವರೇ ಹುಡುಕಬೇಕು. ಎರಡು ಬೇರೆ ಟಿಕೆಟ್ ಆಗಿದ್ದರೆ, ಎರಡನೇ ಕಂಪನಿಯ ಪುಸ್ತಕದಲ್ಲಿ ನೀವು ಹೇಳದೆ ಕೇಳದೆ ಬರದೇ ಹೋದವರು, ಅಂದರೆ 'ನೋ ಶೋ'. ಅದೇ ಟಿಕೆಟ್‌ನಲ್ಲಿ ವಾಪಸ್ ಪ್ರಯಾಣವೂ ಇದ್ದರೆ ಸಾಮಾನ್ಯವಾಗಿ ಅದೂ ರದ್ದಾಗುತ್ತೆ.

ಬ್ಯಾಗಿನ ಕಥೆ ಇನ್ನೊಂದು. ಬೇರೆ ಬೇರೆ ಟಿಕೆಟ್ ಇದ್ದರೆ ಹಲವು ಕಂಪನಿಗಳು ಬ್ಯಾಗನ್ನು ಕೊನೆಯವರೆಗೆ ಕಳಿಸುವುದಿಲ್ಲ. ನಡುವೆ ಇಳಿದು, ಇಮಿಗ್ರೇಷನ್ ದಾಟಿ, ಬ್ಯಾಗ್ ತಗೊಂಡು, ಮತ್ತೆ ಚೆಕ್‌-ಇನ್ ಮಾಡಬೇಕು. ಇಮಿಗ್ರೇಷನ್ ದಾಟುವುದು ಅಂದರೆ ಆ ದೇಶದೊಳಗೆ ಕಾಲಿಟ್ಟಂತೆ, ಅದಕ್ಕೆ ಆ ದೇಶದ ವೀಸಾ ಬೇಕಾಗಬಹುದು. ತೂಕದ ನಿಯಮವೂ ಬೇರೆಯಾಗಬಹುದು: ಒಂದು ಕಡೆ ಒಟ್ಟು ಕಿಲೋ ಲೆಕ್ಕ, ಇನ್ನೊಂದು ಕಡೆ ಬ್ಯಾಗಿನ ಲೆಕ್ಕ. ಕನ್ನಡ, ಸ್ವಲ್ಪ ಹಿಂದಿ ಬಿಟ್ಟರೆ ಬೇರೆ ಭಾಷೆ ಬಾರದ 61 ವರ್ಷದ ಹೆಂಗಸಿಗೆ ಇದನ್ನೆಲ್ಲ ವಹಿಸಿದರೆ, ಉಳಿಸಿದ 18,000 ಯಾರ ದುಡ್ಡು? ಅವರ ನೆಮ್ಮದಿಯ ದುಡ್ಡು.

ಚಿಕ್ಕಪ್ಪನಿಗೆ ಹೀಗೆ ಹೇಳಿದೆ: "ಅಡಿಕೆ ಲೋಡ್ ಕಳಿಸುವಾಗ ಮಂಡಿವರೆಗೆ ಒಬ್ಬನೇ ಲಾರಿಯವನು ಜವಾಬ್ದಾರಿ ತಗೊಂಡರೆ ಒಳ್ಳೇದಾ, ಅರ್ಧ ದಾರಿಯಲ್ಲಿ ಇಳಿಸಿ ಹೋದರೆ ಒಳ್ಳೇದಾ?" ಮುಂದೆ ಮಾತಿಲ್ಲ.

ಒಂದೇ ಟಿಕೆಟ್ ಅಂತ ಗೊತ್ತಾಗೋದು ಹೇಗೆ?

ಇಲ್ಲೊಂದು ಸೂಕ್ಷ್ಮವಿದೆ. ಬುಕಿಂಗ್ ಆ್ಯಪ್‌ಗಳು ಕೆಲವೊಮ್ಮೆ ಎರಡು ಟಿಕೆಟ್‌ಗಳನ್ನು ಒಟ್ಟಿಗೆ ಹೊಲಿದು ಒಂದೇ ಬುಕಿಂಗ್ ಐಡಿ ಕೊಡುತ್ತವೆ. ಒಂದೇ ಸಲ ದುಡ್ಡು ಕಟ್ಟಿದ್ದೀವಿ, ಒಂದೇ ಟಿಕೆಟ್ ಅಂದುಕೊಳ್ಳುತ್ತೇವೆ. 'ಸೆಲ್ಫ್ ಟ್ರಾನ್ಸ್‌ಫರ್' ಅಂತ ಸಣ್ಣ ಅಕ್ಷರದಲ್ಲಿ ಬರೆದಿದ್ದರೆ ಎಚ್ಚರ.

ಇ-ಟಿಕೆಟ್‌ನಲ್ಲಿ 13 ಅಂಕಿಯ ಟಿಕೆಟ್ ನಂಬರ್ ನೋಡಿ. ಮೊದಲ ಮೂರು ಅಂಕಿ ಏರ್‌ಲೈನಿನ ಗುರುತು. ಏರ್ ಇಂಡಿಯಾ 098, ಎಮಿರೇಟ್ಸ್ 176, ಎತಿಹಾದ್ 607. ಎರಡೂ ಹಂತಕ್ಕೆ ಒಂದೇ ನಂಬರ್ ಇದ್ದರೆ ಒಂದೇ ಟಿಕೆಟ್. ಬೇರೆ ಬೇರೆ ಮೂರಂಕಿಯಲ್ಲಿ ಶುರುವಾದರೆ ಅವು ಎರಡು. ಎರಡು ಕಂಪನಿಯ ವಿಮಾನಗಳಿದ್ದೂ ಒಂದೇ ಟಿಕೆಟ್ ಆಗಬಹುದು, ಅದರಲ್ಲಿ ತೊಂದರೆಯಿಲ್ಲ. ನೋಡಬೇಕಾದ್ದು ವಿಮಾನದ ಬಣ್ಣವನ್ನಲ್ಲ, ನಂಬರನ್ನು.

ಅಬುಧಾಬಿ ದಾರಿ ಆರಿಸಿದ್ದಕ್ಕೆ ಇನ್ನೊಂದು ಕಾರಣವಿತ್ತು. ಅಮೆರಿಕಕ್ಕೆ ಹೋಗುವವರು ಸಾಮಾನ್ಯವಾಗಿ ಅಲ್ಲಿ ಇಳಿದ ಮೊದಲ ಊರಿನಲ್ಲೇ ಇಮಿಗ್ರೇಷನ್ ಮುಗಿಸಬೇಕು. ಟಿಕೆಟ್ ಒಂದೇ ಆಗಿದ್ದರೂ ಅಲ್ಲೇ ಬ್ಯಾಗ್ ಎತ್ತಿಕೊಂಡು ಮತ್ತೆ ಕೊಡಬೇಕು. ಅಬುಧಾಬಿಯಲ್ಲಿ 2014ರಿಂದ ಅಮೆರಿಕದ ಪ್ರಿಕ್ಲಿಯರೆನ್ಸ್ ಕೇಂದ್ರವಿದೆ. ಅಮೆರಿಕದ ಅಧಿಕಾರಿಗಳು ಅಲ್ಲೇ ಕೂತು ವಿಚಾರಣೆ ಮುಗಿಸುತ್ತಾರೆ. ಶಿಕಾಗೋದಲ್ಲಿ ಇಳಿದಾಗ ನೀವು ಪಕ್ಕದ ಊರಿಂದ ಬಂದವರ ಹಾಗೆ, ಬ್ಯಾಗ್ ಎತ್ತಿಕೊಂಡು ಹೊರಗೆ. ಹದಿನೈದು ಗಂಟೆಯಷ್ಟು ಹಾರಿ ಸುಸ್ತಾದ ಮೇಲೆ ಇನ್ನೊಂದು ಉದ್ದ ಕ್ಯೂ ಇಲ್ಲ. ಆದರೆ ಅಬುಧಾಬಿಯಲ್ಲಿ ಇದಕ್ಕೆ ಸಮಯ ಬೇಕು. ನಡುವಿನ ಬಿಡುವು ಮೂರ್ನಾಲ್ಕು ಗಂಟೆ ಇರಲಿ.

ಇನಿಷಿಯಲ್ ಅನ್ನೋ ತಲೆನೋವು

ನಮ್ಮ ಕಡೆಯ ದೊಡ್ಡ ಸಮಸ್ಯೆ ಹೆಸರಿನದು. ಚಿಕ್ಕಮ್ಮನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ. ನಮ್ಮಲ್ಲಿ ಎಷ್ಟೋ ಜನಕ್ಕೆ ಇರೋದು ಊರಿನ, ಅಪ್ಪನ ಇನಿಷಿಯಲ್ ಅಷ್ಟೇ. ಏರ್‌ಲೈನ್ ವೆಬ್‌ಸೈಟ್ ಮಾತ್ರ ಸರ್‌ನೇಮ್ ತುಂಬದೆ ಮುಂದೆ ಬಿಡಲ್ಲ. ಇಂಥವರ ಅಮೆರಿಕದ ವೀಸಾದಲ್ಲಿ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಬರುತ್ತೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರರ್ಥ. ಅದನ್ನು ನೋಡಿ ಚಿಕ್ಕಮ್ಮ ಅಂದರು, "ಅರವತ್ತು ವರ್ಷದಿಂದ ಇರೋ ಹೆಸರು ಇವರಿಗೆ ಗೊತ್ತಿಲ್ವಂತಾ?"

ಟಿಕೆಟ್‌ನಲ್ಲಿ ಇದನ್ನು ಹೇಗೆ ಬರೆಯಬೇಕು ಅನ್ನೋದು ಕಂಪನಿಯಿಂದ ಕಂಪನಿಗೆ ಬದಲಾಗುತ್ತೆ. ಕೆಲವರು ಅದೇ ಹೆಸರನ್ನು ಎರಡು ಸಲ ಬರೆಸುತ್ತಾರೆ, ಕೆಲವರು ಎಫ್‌ಎನ್‌ಯು ಒಪ್ಪುತ್ತಾರೆ. ದುಡ್ಡು ಕಟ್ಟುವ ಮೊದಲು ಅವರ ಸಹಾಯವಾಣಿಗೆ ಫೋನ್ ಮಾಡಿ ಕೇಳಿ. ಲಾಯಲ್ಟಿ ಖಾತೆ ತೆರೆಯುವಾಗಲೂ ಹೆಸರು ಟಿಕೆಟ್‌ನಲ್ಲಿರುವಂತೆಯೇ ಇರಲಿ. ಹೊಂದಿಕೆಯಾಗದಿದ್ದರೆ ಮೈಲ್ಸ್ ಖಾತೆಗೆ ಬೀಳಲ್ಲ. ಬೋರ್ಡಿಂಗ್ ಪಾಸ್ ಜೋಪಾನವಾಗಿಟ್ಟರೆ ತಪ್ಪಿಹೋದ ಮೈಲ್ಸ್ ಆಮೇಲೂ ಕೇಳಿ ಪಡೆಯಬಹುದು.

ಪಾಯಿಂಟ್ಸ್ ಕೂಡಿಡೋ ನಿಧಿಯಲ್ಲ

ಅಮೆರಿಕನ್ ಏರ್‌ಲೈನ್ಸ್ 1981ರ ಮೇ 1ರಂದು ತನ್ನ 'ಎಅಡ್ವಾಂಟೇಜ್' ಶುರು ಮಾಡಿದಾಗಿನಿಂದ ಈ ಮೈಲಿ ಲೆಕ್ಕ ಜಗತ್ತಿಗೆಲ್ಲ ಹರಡಿದೆ. ನಮ್ಮಲ್ಲಿ ಏರ್ ಇಂಡಿಯಾದ್ದು ಮಹಾರಾಜ ಕ್ಲಬ್, ಇಂಡಿಗೋದ್ದು ಬ್ಲೂಚಿಪ್. ಏರ್ ಇಂಡಿಯಾ 2014ರಲ್ಲಿ ಸ್ಟಾರ್ ಅಲಯನ್ಸ್ ಕೂಟ ಸೇರಿದ್ದರಿಂದ, ಬೆಂಗಳೂರಿನಿಂದ ಲುಫ್ತಾನ್ಸಾದಲ್ಲಿ ಹಾರಿದರೂ ಮೈಲ್ಸ್ ಮಹಾರಾಜ ಕ್ಲಬ್‌ಗೆ ಹಾಕಿಸಬಹುದು. ಎಷ್ಟು ಸಿಗುತ್ತೆ ಅನ್ನೋದನ್ನು ಟಿಕೆಟ್ ಮೇಲಿನ ಒಂದಕ್ಷರದ ಬುಕಿಂಗ್ ಕ್ಲಾಸ್ ನಿರ್ಧರಿಸುತ್ತೆ. ತೀರಾ ಅಗ್ಗದ ಕ್ಲಾಸಿಗೆ ಒಮ್ಮೊಮ್ಮೆ ಏನೂ ಸಿಗಲ್ಲ.

ಈ ಪಾಯಿಂಟ್‌ಗಳು ಬ್ಯಾಂಕಿನಲ್ಲಿರುವ ಎಫ್‌ಡಿ ಹಾಗಲ್ಲ. ಬಡ್ಡಿ ಇಲ್ಲ, ಬೆಲೆ ಏರುವುದಕ್ಕಿಂತ ಇಳಿಯುವುದೇ ಹೆಚ್ಚು. ಬೆಂಗಳೂರಿನದೇ ಆದ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿದಾಗ, ಕಿಂಗ್ ಕ್ಲಬ್ ಪಾಯಿಂಟ್ ಇತ್ತು, ಹತ್ತಲು ವಿಮಾನವೇ ಇರಲಿಲ್ಲ. 2024ರ ನವೆಂಬರ್‌ನಲ್ಲಿ ವಿಸ್ತಾರ ಏರ್ ಇಂಡಿಯಾದಲ್ಲಿ ಸೇರಿಹೋದಾಗ ಪಾಯಿಂಟ್‌ಗಳೂ ಜೊತೆಗೆ ಹೋದವು. ಎರಡರಲ್ಲಿ ಯಾವುದು ಆಗುತ್ತೆ ಅನ್ನೋದು ನಮ್ಮ ಕೈಯಲ್ಲಿಲ್ಲ.

ಬೆಲೆ ಕಟ್ಟೋಕೆ ಸುಲಭ ಲೆಕ್ಕವಿದೆ. ಒಂದು ಟಿಕೆಟ್‌ಗೆ 24,000 ರೂಪಾಯಿ ಅಂದುಕೊಳ್ಳಿ. ಅದನ್ನೇ ಮೈಲ್ಸ್‌ನಲ್ಲಿ ತಗೊಂಡರೆ 25,000 ಮೈಲ್ಸ್, ಮೇಲೆ ತೆರಿಗೆ 4,000 ರೂಪಾಯಿ. ಅಂದರೆ 25,000 ಮೈಲ್ಸ್ ಉಳಿಸಿದ್ದು 20,000 ರೂಪಾಯಿ, ಒಂದು ಮೈಲಿಗೆ 80 ಪೈಸೆ. ಇನ್ನೊಂದು ದಾರಿಯಲ್ಲಿ 30 ಪೈಸೆ ಬಂದರೆ ಅಲ್ಲಿ ದುಡ್ಡೇ ಕೊಡಿ, ಮೈಲ್ಸ್ ಇಟ್ಟುಕೊಳ್ಳಿ. ಕಾರ್ಡ್ ಪಾಯಿಂಟ್‌ಗಳನ್ನು ಏರ್‌ಲೈನಿಗೆ ವರ್ಗಾಯಿಸುವ ಮುನ್ನ ಸೀಟು ಇದೆಯಾ ನೋಡಿ. ಒಮ್ಮೆ ಹೋದ ಪಾಯಿಂಟ್ ಸಾಮಾನ್ಯವಾಗಿ ತಿರುಗಿ ಬರಲ್ಲ.

ಲೌಂಜ್ ಯಾರಿಗೆ?

ಲೌಂಜ್ ಅಂದರೆ ನಮಗೆ ಇನ್‌ಸ್ಟಾಗ್ರಾಂ ಸ್ಟೋರಿ. ಎರಡು ರೂಪಾಯಿ ಸ್ವೈಪ್ ಮಾಡಿ ಬಿಸಿಬೇಳೆಬಾತ್ ತಿಂದೆ ಅನ್ನೋ ಖುಷಿ. ಚಿಕ್ಕಮ್ಮನಂಥವರಿಗೆ ಅದು ಬೇರೆ: ಶುಚಿಯಾದ ಟಾಯ್ಲೆಟ್, ಕಾಲು ಚಾಚುವಷ್ಟು ಕುರ್ಚಿ, ಬಿಪಿ ಮಾತ್ರೆಗೆ ಮುಂಚೆ ಎರಡು ತುತ್ತು ಅನ್ನ.

ನನ್ನ ಕಾರ್ಡ್ ಕೊಟ್ಟು ಕಳಿಸೋಣ ಅಂದರೆ ಆಗಲ್ಲ. ಕಾರ್ಡ್‌ನವರು ಖುದ್ದು ಬರಬೇಕು, ಅತಿಥಿಗೆ ಅವಕಾಶವಿದ್ದರೂ ಜೊತೆಯಲ್ಲಿ ನಾವಿರಬೇಕು. ಎಷ್ಟೋ ಕಾರ್ಡ್‌ಗಳ ಉಚಿತ ಪ್ರವೇಶ ದೇಶೀಯ ಲೌಂಜ್‌ಗಷ್ಟೇ, ಅಂತರರಾಷ್ಟ್ರೀಯ ಕಡೆಗಿಲ್ಲ. ಹಲವು ಬ್ಯಾಂಕುಗಳು ಹಿಂದಿನ ತಿಂಗಳುಗಳಲ್ಲಿ ಇಷ್ಟು ಖರ್ಚು ಮಾಡಿರಬೇಕು ಅನ್ನೋ ಷರತ್ತನ್ನೂ ಸೇರಿಸಿವೆ. ಹಾಗಾಗಿ ಚಿಕ್ಕಮ್ಮನ ಹೆಸರಿನಲ್ಲೇ ದುಡ್ಡು ಕೊಟ್ಟು ಬೆಂಗಳೂರಿನ ಲೌಂಜ್ ಕಾಯ್ದಿರಿಸಿದೆವು.

ಲೌಂಜ್‌ಗಿಂತ ಹೆಚ್ಚು ಉಪಯೋಗಕ್ಕೆ ಬಂದಿದ್ದು ಗಾಲಿಕುರ್ಚಿ ಸೇವೆ. ಅವರಿಗೆ ಮಂಡಿನೋವು, ಹೆಚ್ಚು ದೂರ ನಡೆಯಲಾರರು. ಬುಕ್ ಮಾಡುವಾಗ ಮೂರು ಸಂಕೇತ ಕಾಣುತ್ತವೆ. ಮೆಟ್ಟಿಲು ಹತ್ತಬಲ್ಲರು, ದೂರ ನಡೆಯಲಾರರು ಅಂದರೆ ಡಬ್ಲ್ಯುಸಿಎಚ್‌ಆರ್. ಮೆಟ್ಟಿಲೂ ಆಗಲ್ಲ ಅಂದರೆ ಡಬ್ಲ್ಯುಸಿಎಚ್‌ಎಸ್. ಸೀಟಿನವರೆಗೂ ಕುರ್ಚಿ ಬೇಕು ಅಂದರೆ ಡಬ್ಲ್ಯುಸಿಎಚ್‌ಸಿ. ಕನಿಷ್ಠ 48 ಗಂಟೆ ಮೊದಲೇ ಹೇಳಿಡಿ. ನಿಜವಾಗಿ ಬೇಕಾದವರಿಗಷ್ಟೇ ಕೇಳಿ, ಭಾಷೆ ಬರಲ್ಲ ಅನ್ನೋ ಕಾರಣಕ್ಕೆ ಬೇಡ. ಬೇರೆ ಯಾರೋ ಕುರ್ಚಿಗಾಗಿ ಕಾಯುತ್ತಿರುತ್ತಾರೆ.

ದುಡ್ಡು ಕಟ್ಟುವ ಮುನ್ನ

ಅಪ್ಪ ಅಮ್ಮನಿಗೋ ಅತ್ತೆ ಮಾವನಿಗೋ ಬುಕ್ ಮಾಡುತ್ತಿದ್ದರೆ, 'ಪೇ' ಒತ್ತುವ ಮೊದಲು ಇಷ್ಟು ನೋಡಿ:

• ಪೂರ್ತಿ ದಾರಿ ಒಂದೇ ಟಿಕೆಟ್‌ನಲ್ಲಿದೆಯಾ? ಬ್ಯಾಗ್ ಎಲ್ಲಿಯವರೆಗೆ ಹೋಗುತ್ತೆ?

• ನಡುವಿನ ದೇಶಕ್ಕೆ ಟ್ರಾನ್ಸಿಟ್ ವೀಸಾ ಬೇಕಾ?

• ವಾಪಸ್ ದಿನಾಂಕ ಬದಲಿಸೋಕೆ ಎಷ್ಟು? ಮಕ್ಕಳು ಹುಟ್ಟೋದು ನಮ್ಮ ಕ್ಯಾಲೆಂಡರ್ ನೋಡಿಕೊಂಡಲ್ಲ.

• ಹೆಸರು ಪಾಸ್‌ಪೋರ್ಟ್, ವೀಸಾ, ಟಿಕೆಟ್ ಮೂರಕ್ಕೂ ಹೊಂದುತ್ತಾ?

• ಊರಿಂದ ಬೆಂಗಳೂರಿಗೆ ಬರುವ ಬಸ್ಸು, ರೈಲು, ವಿಮಾನ ಬೇರೆ ಟಿಕೆಟ್ ಆಗಿದ್ದರೆ ಹಿಂದಿನ ದಿನವೇ ಬಂದು ತಂಗುತ್ತಾರಾ?

ಕೊನೆಯದಾಗಿ, ಒಂದು ಕಾಗದದ ಮೇಲೆ ದೊಡ್ಡ ಕನ್ನಡ ಅಕ್ಷರದಲ್ಲಿ ಪ್ರಯಾಣದ ಹಂತಗಳನ್ನು ಬರೆದುಕೊಡಿ. ಕೆಳಗೆ ತಂಗಿಯ ವಿಳಾಸ, ಫೋನ್ ನಂಬರ್ ಇಂಗ್ಲಿಷ್‌ನಲ್ಲಿರಲಿ, ತೋರಿಸೋಕೆ. ಫೋನ್ ಚಾರ್ಜ್ ಮುಗಿಯಬಹುದು, ಕಾಗದ ಮುಗಿಯಲ್ಲ.

ಚಿಕ್ಕಮ್ಮ ಶಿಕಾಗೋ ಮುಟ್ಟಿದ ಮೇಲೆ ತಂಗಿ ಒಂದು ಫೋಟೋ ಕಳಿಸಿದಳು. ಅಡುಗೆಮನೆಯಲ್ಲಿ ಸೆರಗು ಸಿಕ್ಕಿಸಿಕೊಂಡು ಮೆಣಸಿನ ಸಾರು ಕುದಿಸುತ್ತಿದ್ದರು, ಇಳಿದು ಮೂರು ಗಂಟೆಯೂ ಆಗಿರಲಿಲ್ಲ. ಚಿಕ್ಕಪ್ಪ ಆ ಫೋಟೋ ನೋಡಿ 18,000ದ ಸುದ್ದಿ ಎತ್ತಲಿಲ್ಲ. ಮೊಮ್ಮಗಳ ನಾಮಕರಣಕ್ಕೆ ತಾನೂ ಹೋಗಬೇಕಂತೆ. "ನಿನ್ನ ಹತ್ತಿರ ಅದೇನೋ ಪಾಯಿಂಟ್ಸ್ ಇದ್ಯಂತಲ್ಲ, ಎಷ್ಟಿದೆ?" ಅಂತ ಕೇಳಿದರು. ಅವತ್ತು ರಾತ್ರಿಯೇ ಲೆಕ್ಕ ಹಾಕಿದೆ. ಮೈಲಿಗೆ 90 ಪೈಸೆ ಬರ್ತಿತ್ತು. ಅವು ಇರೋದೇ ಇಂಥದ್ದಕ್ಕೆ.